ಬೆನ್ನಿನ ಪಾಠ: ಸಂಘದ ಒಂದು ಹೊಸ ಬಾಬ್ತು

ಗೊಬ್ಬರ, ಮೈಲುತುತ್ತು, ಸುಣ್ಣ, ಗೋಣಿಚೀಲ, ಬೆಳೆ ಸಾಲ, ಇವು ನಮ್ಮ ಸಂಘದ ಹಳೆಯ ಬಾಬ್ತುಗಳು. ಕಳೆದ ಒಂದೂವರೆ ವರ್ಷದಿಂದ ಇವುಗಳ ಸಾಲಿಗೆ 'ಬೆನ್ನಿನ ಪಾಠ' ಎಂಬ ಇನ್ನೊಂದು ಬಾಬ್ತು ಸೇರಿಕೊಂಡಿದೆ. ಪೇಟೆಯವರು ಇಂಥದ್ದಕ್ಕೆ ಸ್ಟಾರ್ಟಪ್ ಎನ್ನುತ್ತಾರೆ. ಪತ್ರಿಕೆಗಳು ನವೋದ್ಯಮವೆಂದು ಬರೆಯುತ್ತವೆ. ನಮ್ಮಲ್ಲಿ ಆ ಉದ್ಯಮಕ್ಕಿರುವ ಬಂಡವಾಳವೆಂದರೆ ಒಂದು ಖರ್ಚಿನ ಪುಸ್ತಕ, ಎರಡು ಜಮಖಾನ, ತಿಂಗಳಿಗೆ ಎರಡು ಬಾರಿ ಬಸ್ಸಿನಲ್ಲಿ ಬಂದುಹೋಗುವ ಒಬ್ಬ ಫಿಸಿಯೋಥೆರಪಿಸ್ಟ್ ಹೆಣ್ಣುಮಗಳು, ಮತ್ತು ಹದಿನಾಲ್ಕು ವರ್ಷಗಳಿಂದ ಬೆನ್ನುನೋವನ್ನು ಹೊತ್ತುಕೊಂಡೇ ಓಡಾಡುತ್ತಿರುವ ಒಬ್ಬ ಕಾರ್ಯದರ್ಶಿ. ಈ ಬಾಬ್ತನ್ನು ಮುಂದುವರಿಸಬೇಕೇ, ಇಲ್ಲಿಗೇ ಮುಗಿಸಬೇಕೇ ಎಂಬ ಪ್ರಶ್ನೆ ಬರಲಿರುವ ಸರ್ವಸದಸ್ಯರ ಸಭೆಯ ಮುಂದಿದೆ. ಸದಸ್ಯ ಬಾಂಧವರು ಕೈಯೆತ್ತುವುದಕ್ಕೆ ಮೊದಲು ವಿಷಯವನ್ನು ಪೂರ್ತಿಯಾಗಿ ತಿಳಿದಿರಲಿ ಎಂಬುದೇ ಈ ಬರಹದ ಉದ್ದೇಶ.

ಮಲೆನಾಡಿನಲ್ಲಿ ಆರೋಗ್ಯ ಶಿಕ್ಷಣವೆಂದರೆ ನಮಗೆಲ್ಲ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಅದನ್ನು ಗುರುತಿಸಿದಂದಿನಿಂದ, ಉಣುಗು ಕಚ್ಚದಂತೆ ನೋಡಿಕೊಳ್ಳಿ, ಸತ್ತ ಮಂಗ ಕಂಡರೆ ತಿಳಿಸಿ ಎಂದು ಊರೂರಿಗೆ ಬಂದು ಹೇಳಿಹೋದವರನ್ನು ನಾವು ಕಂಡಿದ್ದೇವೆ. ಪ್ರಾಣಕ್ಕೆ ಎರವಾಗುವ ರೋಗವಾದ್ದರಿಂದ ಅದು ಸರಿಯೇ. ಆದರೆ ಬೆನ್ನುನೋವಿನಿಂದ ಯಾರೂ ಸಾಯುವುದಿಲ್ಲವಾದ್ದರಿಂದ ಅದರ ಬಗೆಗೆ ಯಾರೂ ಬಂದು ಹೇಳುವುದೂ ಇಲ್ಲ. 2020ರಲ್ಲಿ ಪ್ರಪಂಚದಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟ-ಬೆನ್ನಿನ ನೋವಿತ್ತೆಂದು ಅಂತರರಾಷ್ಟ್ರೀಯ ರೋಗಭಾರದ ಲೆಕ್ಕ ಹೇಳುತ್ತದೆ. ಮನುಷ್ಯರನ್ನು ಕೆಲಸಕ್ಕೆ ಬಾರದವರನ್ನಾಗಿ ಮಾಡುವ ಕಾರಣಗಳಲ್ಲಿ ಮೊದಲನೆಯದು ಇದೇ. ಎಲೆಚುಕ್ಕಿ ರೋಗಕ್ಕೆ ನಾವು ಕೊಡುತ್ತಿರುವ ಗಮನದ ಕಾಲುಭಾಗವನ್ನು ಇದಕ್ಕೂ ಕೊಟ್ಟರೆ ತಪ್ಪಾಗಲಾರದು.

ನಮ್ಮ ತೋಟಗಳ ಕೆಲಸವನ್ನೇ ನೋಡಿ. ಕಾಫಿ ಹಣ್ಣು ಕೊಯ್ಯುವವರು ಇಳಿಜಾರಿನಲ್ಲಿ ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ಮಾಡಿಕೊಂಡು ದಿನವಿಡೀ ತಿರುಚಿಕೊಂಡು ನಿಲ್ಲುತ್ತಾರೆ. ಸಂಜೆ ತೂಕಕ್ಕೆ ಚೀಲ ಹೊತ್ತು ತರುತ್ತಾರೆ. ಔಷಧಿ ಹೊಡೆಯುವವನ ಬೆನ್ನಿಗೆ 16 ಲೀಟರಿನ ಕ್ಯಾನು. ನೀರು ತುಂಬಿದರೆ ಕ್ಯಾನಿನ ತೂಕವೂ ಸೇರಿ ಇಪ್ಪತ್ತು ಕೆ.ಜಿ.ಯ ಹತ್ತಿರ. ಕೊನೆಗಾರನ ಪಾಡು ಹೇಳುವುದೇ ಬೇಡ. ಆದರೆ ನಮ್ಮ ಪಾಠಕ್ಕೆ ಹೆಚ್ಚು ಮಂದಿ ಬಂದದ್ದು ಹೊರೆ ಹೊರುವವರಲ್ಲಿ ಅಲ್ಲ. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸರಲ್ಲಿ. ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೆ ಮುಂದಕ್ಕೆ ಬಗ್ಗಿ ಕೂತು, ಬೆಳಗಾಗೆದ್ದು ಮತ್ತೆ ಕೊಟ್ಟಿಗೆ, ಒಲೆ, ನೀರು. ಇವರ ಬೆನ್ನಿಗೆ ಯಾರೂ ಲೆಕ್ಕವಿಟ್ಟವರಿಲ್ಲ. ಜೀಪಿನಲ್ಲಿ ತೋಟ ಸುತ್ತುವ ಸಾಹುಕಾರರ ಬೆನ್ನೂ, ಕುರ್ಚಿಯ ಮೇಲಿನ ರೈಟರ ಬೆನ್ನೂ ಇದರಿಂದ ಹೊರತಲ್ಲ.

ನಮ್ಮ ಬೆನ್ನಿನ ಸಮಾಚಾರ

ಕಾರ್ಯದರ್ಶಿಯ ಬೆನ್ನು ಸಂಘದ ವ್ಯವಹಾರವಲ್ಲ, ನಿಜ. ಆದರೂ ಈ ಬಾಬ್ತು ಹೀಗೇಕೆ ನಡೆಯುತ್ತಿದೆ ಎಂಬುದು ಅದನ್ನು ಹೇಳದೆ ಅರ್ಥವಾಗುವುದಿಲ್ಲ. ಮೊದಲು ನೋವು ಕಾಣಿಸಿಕೊಂಡಾಗ ನಮಗೆ ನಲವತ್ತೆರಡು. ಆಗ ಒಂದು ಆಸ್ಪತ್ರೆಯಲ್ಲಿ ಮೂರು ವಾರ ಹಲಗೆಯ ಮೇಲೆ ಮಲಗಿರಲು ಹೇಳಿದರು. ಮಲಗಿದೆವು. ಮೂರು ವಾರದ ಮೇಲೆ ಎದ್ದಾಗ ನೋವು ಅಲ್ಲೇ ಇತ್ತು, ಕಾಲಿನ ಬಲ ಮಾತ್ರ ಹೋಗಿತ್ತು. ಆಮೇಲೆ ತೈಲ, ಪಟ್ಟಿ, ತೂಕ ಕಟ್ಟಿ ಎಳೆಯುವುದು, ಊರಿನ ಹಿರಿಯರು ಹೇಳಿದ ಲೇಪ, ಎಲ್ಲವೂ ಆಯಿತು. ಎಂ.ಆರ್.ಐ. ತೆಗೆಸಿದಾಗ 'ಡಿಸ್ಕು ಸವೆದಿದೆ, ಉಬ್ಬಿದೆ' ಎಂದು ಬರೆದುಕೊಟ್ಟರು. ಆ ಒಂದು ವಾಕ್ಯ ನೋವಿಗಿಂತ ಹೆಚ್ಚಾಗಿ ನಮ್ಮನ್ನು ಹೆದರಿಸಿತು. ಬಕೆಟ್ಟು ಎತ್ತಲು ಭಯ, ಮೊಮ್ಮಗುವನ್ನು ಎತ್ತಿಕೊಳ್ಳಲು ಭಯ.

ಆ ವಾಕ್ಯದ ಬೆಲೆ ಎಷ್ಟೆಂಬುದು 2015ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಿಂದ ಗೊತ್ತಾಗುತ್ತದೆ. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಚಿತ್ರಗಳನ್ನು ಪರೀಕ್ಷಿಸಿದ್ದ ಅಧ್ಯಯನಗಳನ್ನು ಅಮೆರಿಕದ ವೈದ್ಯರು ಒಟ್ಟುಗೂಡಿಸಿ ನೋಡಿದರು. ಇಪ್ಪತ್ತು ವಯಸ್ಸಿನವರಲ್ಲೇ ಶೇ. 37 ಮಂದಿಯ ಡಿಸ್ಕು ಸವೆದಿತ್ತು, ಐವತ್ತರಲ್ಲಿ ಶೇ. 80, ಎಂಬತ್ತರಲ್ಲಿ ಶೇ. 96. ಡಿಸ್ಕಿನ ಉಬ್ಬು ಐವತ್ತರ ವಯಸ್ಸಿನವರಲ್ಲಿ ಶೇ. 60 ಮಂದಿಗೆ. ಇವರಾರಿಗೂ ನೋವಿರಲಿಲ್ಲ ಎಂಬುದನ್ನು ಮರೆಯಬಾರದು. ಅಂದರೆ ತಲೆಗೂದಲು ನರೆಯುವಂತೆ ಡಿಸ್ಕೂ ಸವೆಯುತ್ತದೆ. ಚಿತ್ರದಲ್ಲಿ ಕಂಡದ್ದೆಲ್ಲ ನೋವಿನ ಕಾರಣವಾಗಬೇಕಾಗಿಲ್ಲ. ಇದನ್ನು ನಮಗೆ ಮೊದಲು ಬಿಡಿಸಿ ಹೇಳಿದವರು ಈಗ ಸಂಘಕ್ಕೆ ಬರುತ್ತಿರುವ ಫಿಸಿಯೋಥೆರಪಿಸ್ಟರೇ. ನಮ್ಮನ್ನು ಹಲಗೆಯಿಂದ ಎಬ್ಬಿಸಿ ತೋಟದ ದಾರಿಗೆ ಹತ್ತಿಸಿದವರೂ ಅವರೇ. ಮೊದಲ ವಾರ ಕಣದ ಸುತ್ತ ಹತ್ತು ನಿಮಿಷ; ಆಮೇಲೆ ಗೇಟಿನವರೆಗೆ; ಆಮೇಲೆ ಹೊಳೆಯವರೆಗೆ.

ನೋವು ಹೋಯಿತೇ ಎಂದು ಕೇಳಿದರೆ, ಇಲ್ಲ. ವರ್ಷಕ್ಕೆ ಎರಡು ಮೂರು ಬಾರಿ ಬಂದು ಕಾಡುತ್ತದೆ. ಭಯ ಹೋಯಿತು. ಈ ಎರಡಕ್ಕೂ ಇರುವ ವ್ಯತ್ಯಾಸವೇ ಬೆನ್ನಿನ ಪಾಠದ ಹೂರಣ.

ಬೇರೆ ಕಡೆಯ ಅನುಭವ

ಇದು ನಾವು ಕಂಡುಹಿಡಿದದ್ದೇನೂ ಅಲ್ಲ. 1969ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನ ಹತ್ತಿರ ಒಬ್ಬ ಫಿಸಿಯೋಥೆರಪಿಸ್ಟ್ ಮಹಿಳೆ 'ಬೆನ್ನಿನ ಶಾಲೆ' ತೆರೆದರು. ಮುಕ್ಕಾಲು ಗಂಟೆಯ ನಾಲ್ಕು ತರಗತಿಗಳು, ಅಷ್ಟೆ. ಬೆನ್ನೆಂದರೇನು, ಹೇಗೆ ಕೂರಬೇಕು, ಹೇಗೆ ಎತ್ತಬೇಕು. ಆ ಮಾದರಿ ಬಹಳ ದೇಶಗಳಿಗೆ ಹರಡಿತು. 1995ರಲ್ಲಿ ಫಿನ್ಲೆಂಡಿನವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಹೆಲ್ಸಿಂಕಿ ನಗರಸಭೆಯ ನೌಕರರಲ್ಲಿ ಹೊಸದಾಗಿ ಬೆನ್ನು ಹಿಡಿದುಕೊಂಡ 186 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಒಂದಕ್ಕೆ ವ್ಯಾಯಾಮ, ಇನ್ನೊಂದಕ್ಕೆ 'ಆದಷ್ಟು ಮಾಮೂಲು ಕೆಲಸ ಮಾಡಿಕೊಂಡಿರಿ' ಎಂಬ ಮಾತು ಮಾತ್ರ. ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಕೊನೆಯ ಗುಂಪಿನವರು. ಎಲ್ಲರಿಗಿಂತ ನಿಧಾನವಾದವರು ಹಾಸಿಗೆ ಹಿಡಿದವರು. ಎರಡು ದಿನದ ಹಾಸಿಗೆಗೇ ಹೀಗಾದರೆ ಮೂರು ವಾರದ ಹಲಗೆಯ ಗತಿಯೇನು?

ಸಂಘದ ಹಣ ಹಾಕುವ ದೃಷ್ಟಿಯಿಂದ ನಮಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯದ ಕತೆ. ಅಲ್ಲಿ ಕಾರ್ಮಿಕರ ಪರಿಹಾರ ನಿಧಿಯನ್ನು ನೋಡಿಕೊಳ್ಳುವ ಸಂಸ್ಥೆ 1997ರಿಂದ 1999ರವರೆಗೆ ಟೆಲಿವಿಷನ್ನಿನಲ್ಲಿ ಒಂದೇ ಮಾತನ್ನು ಹೇಳಿಸಿತು: ಬೆನ್ನುನೋವೆಂದು ಮಲಗಿಬಿಡಬೇಡಿ, ಓಡಾಡಿಕೊಂಡಿರಿ, ಕೆಲಸಕ್ಕೆ ಹೋಗಿ. ಅಂಥ ಪ್ರಚಾರವಿಲ್ಲದ ಪಕ್ಕದ ನ್ಯೂ ಸೌತ್ ವೇಲ್ಸಿನೊಡನೆ ಹೋಲಿಸಿ ನೋಡಿದಾಗ, ವಿಕ್ಟೋರಿಯಾದಲ್ಲಿ ಜನರ ತಿಳಿವಳಿಕೆಯೂ ಬದಲಾಗಿತ್ತು, ವೈದ್ಯರ ಸಲಹೆಯೂ ಬದಲಾಗಿತ್ತು. ಬೆನ್ನಿನ ಪರಿಹಾರದ ಅರ್ಜಿಗಳು ಶೇ. 15ಕ್ಕಿಂತ ಹೆಚ್ಚು ಇಳಿದಿದ್ದವು. ಯಾರಿಗೂ ಹೊಸ ಔಷಧಿ ಕೊಟ್ಟಿರಲಿಲ್ಲ. ಬರೀ ಮಾತು.

ಹಾಗೆಂದು ಮಾತೇ ಸಾಕೆಂದು ತಿಳಿಯುವಂತಿಲ್ಲ. 'ಮೊಣಕಾಲು ಮಡಚಿ ಎತ್ತಿ' ಎಂದು ಕಲಿಸುವುದರಿಂದ ಮಾತ್ರ ಬೆನ್ನುನೋವು ತಪ್ಪುತ್ತದೆಂಬುದಕ್ಕೆ ಹಲವು ಪರೀಕ್ಷೆಗಳಲ್ಲಿ ಆಧಾರ ಸಿಕ್ಕಿಲ್ಲ. ಸೊಂಟಪಟ್ಟಿಯ ಕತೆಯೂ ಹಾಗೆಯೇ. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ ದೀರ್ಘಕಾಲದ ಸೊಂಟನೋವಿಗೆ ಪಟ್ಟಿಯನ್ನೂ ಎಳೆತದ ಚಿಕಿತ್ಸೆಯನ್ನೂ ಬೇಡವೆಂದಿದೆ, ತಿಳಿವಳಿಕೆ ಮತ್ತು ವ್ಯಾಯಾಮವನ್ನು ಬೇಕೆಂದಿದೆ. ಮತ್ತೆ ಆಸ್ಟ್ರೇಲಿಯದಲ್ಲೇ 2024ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಬೆನ್ನುನೋವಿನಿಂದ ಆಗತಾನೆ ಗುಣವಾದ 701 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ನಡಿಗೆಯನ್ನೂ ಒಂದಿಷ್ಟು ಪಾಠವನ್ನೂ ಹೇಳಿಕೊಟ್ಟರು. ಅವರಲ್ಲಿ ನೋವು ಮರಳಿ ಬರಲು ನಡುಮಟ್ಟದಲ್ಲಿ 208 ದಿನ ಹಿಡಿಯಿತು. ಉಳಿದವರಲ್ಲಿ 112 ದಿನ. ನಡಿಗೆಗೆ ದುಡ್ಡು ಕೊಡಬೇಕಾಗಿಲ್ಲ. ನಮ್ಮ ಕೂಲಿಯವರು ದಿನವೂ ನಡೆಯುತ್ತಾರಲ್ಲ ಎಂದು ಒಬ್ಬ ನಿರ್ದೇಶಕರು ಕೇಳಿದರು. ಹೊರೆ ಹೊತ್ತು ನಡೆಯುವುದು ಬೇರೆ, ಕೈಬೀಸಿಕೊಂಡು ನಡೆಯುವುದು ಬೇರೆ.

ಪಾಠ ನಡೆಯುವ ಬಗೆ

ತರಗತಿಗಳು ಸಂಘದ ಗೋದಾಮಿನಲ್ಲಿ ನಡೆಯುತ್ತವೆ. ಸುಗ್ಗಿಯಲ್ಲಿ ತೋಟದ ಕಣದಲ್ಲೇ. ಕೆಲಸದ ಹೊತ್ತಿನಲ್ಲಿ ಒಂದು ಗಂಟೆ. ಈ ಒಂದು ಗಂಟೆಗೂ ಕೂಲಿ ಕೊಡಬೇಕೆಂಬುದು ನಮ್ಮ ಮೊದಲನೆಯ ಷರತ್ತಾಗಿತ್ತು, ಅದರ ಮೇಲೆಯೇ ಅತಿ ಹೆಚ್ಚು ಜಗಳವೂ ಆಯಿತು. 'ಕೂಲಿಯನ್ನೂ ಕೊಟ್ಟು ಪಾಠವನ್ನೂ ಹೇಳಿಸುವುದೇ?' ಎಂದರು ಕೆಲವರು. ಸಂಜೆ ಐದರ ಮೇಲೆ ಪಾಠವಿಟ್ಟರೆ ಹೆಂಗಸರು ಬರುವುದಿಲ್ಲ. ಅವರಿಗೆ ಆಗ ಮನೆಯ ಕೆಲಸ ಶುರುವಾಗುತ್ತದೆ. ಬಂದರೂ ಆ ದಣಿವಿನಲ್ಲಿ ಬೆನ್ನಿನ ಮಾತು ಯಾರಿಗೆ ಬೇಕು? ಈಗ ಷರತ್ತಿಗೆ ಒಪ್ಪಿದ ತೋಟಗಳಿಗೆ ಮಾತ್ರ ಹೋಗುತ್ತೇವೆ. ತೋಟದವರು ವರ್ಷಕ್ಕೊಂದು ಶುಲ್ಕ ಕಟ್ಟುತ್ತಾರೆ, ಕೆಲಸಗಾರರಿಗೆ ಏನೂ ಇಲ್ಲ. ಶುಲ್ಕದಿಂದ ಫಿಸಿಯೋಥೆರಪಿಸ್ಟರ ಸಂಭಾವನೆ ಹುಟ್ಟುತ್ತದೆ. ಬಸ್ಸು, ಚಹ, ಚಿತ್ರಪಟಗಳ ಖರ್ಚು ಸಂಘದ ಮೇಲೆ ಬೀಳುತ್ತದೆ. ಅಂದರೆ ಬಾಬ್ತು ಇನ್ನೂ ತನ್ನ ಕಾಲ ಮೇಲೆ ನಿಂತಿಲ್ಲ. ಇದನ್ನು ಮುಚ್ಚಿಡುವುದಿಲ್ಲ.

ಭಾಷೆಯದೂ ಒಂದು ತೊಡಕು. ಈಗ ನಮ್ಮ ಲೈನುಮನೆಗಳಲ್ಲಿ ಅಸ್ಸಾಮಿನವರೂ ಜಾರ್ಖಂಡಿನವರೂ ಇದ್ದಾರೆ. ಆದುದರಿಂದ ಪಾಠದಲ್ಲಿ ಮಾತು ಕಡಮೆ, ಮಾಡಿ ತೋರಿಸುವುದು ಹೆಚ್ಚು: ಮೆಟ್ಟುಗತ್ತಿಯ ಕೆಳಗೆ ಎತ್ತರದ ಮಣೆಯಿಟ್ಟರೆ ಬಗ್ಗುವುದು ಎಷ್ಟು ಕಡಮೆಯಾಗುತ್ತದೆ, ಅರ್ಧ ಗಂಟೆಗೊಮ್ಮೆ ಎದ್ದು ಬೆನ್ನು ಹಿಂದಕ್ಕೆ ಬಾಗಿಸುವುದು ಹೇಗೆ, ಚೀಲವನ್ನು ನೆಲದಿಂದ ಎತ್ತುವ ಬದಲು ಕಟ್ಟೆಯಿಂದ ಹೆಗಲಿಗೆ ಜಾರಿಸುವುದು ಹೇಗೆ.

ಎರಡನೆಯ ತರಗತಿಯಲ್ಲಿ ಒಬ್ಬ ಹಿರಿಯ ಕೊನೆಗಾರ ಎದ್ದು ನಿಂತು ಕೇಳಿದ: 'ಅಲ್ಲಾ ಅಯ್ಯಾ, ನಿಮ್ ಬೆನ್ನೇ ಇನ್ನೂ ನೆಟ್ಟಗಾಗ್ಲಿಲ್ಲ, ನಮ್ ಬೆನ್ನಿಗೆ ಪಾಠ ಹೇಳಕ್ಕೆ ಬಂದಿದೀರಲ್ಲ?' ಎಲ್ಲರೂ ನಕ್ಕರು, ನಾವೂ ನಕ್ಕೆವು. ಪ್ರಶ್ನೆ ಮಾತ್ರ ಸರಿಯಾದುದೇ. 'ನೆಟ್ಟಗಾಗೋದು ಹೇಗೆ ಅಂತ ಹೇಳಕ್ಕೆ ಬಂದಿಲ್ಲ ಮಾರಾಯ, ನೆಟ್ಟಗಾಗದಿದ್ರೂ ತೋಟಕ್ಕೆ ಹೋಗೋದು ಹೇಗೆ ಅಂತ ಹೇಳಕ್ಕೆ ಬಂದಿದೀನಿ' ಎಂದೆವು. ಅವನಿಗೆ ಅದು ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೆ ಮೂರನೆಯ ತರಗತಿಗೂ ಬಂದ. ಬೆನ್ನು ಹಿಡಿದುಕೊಂಡಿತೆಂದು ಮರ ಹತ್ತುವುದನ್ನೇ ಬಿಟ್ಟು ಮಗನ ಮನೆಗೆ ಹೋಗಿಬಿಡುವುದೆಂದು ಅವನು ತೀರ್ಮಾನ ಮಾಡಿದ್ದನೆಂಬುದು ನಮಗೆ ಆಮೇಲೆ ತಿಳಿಯಿತು. ಈಗ ಅವನು ಉದ್ದದ ದೋಟಿಯಲ್ಲಿ ನೆಲದ ಮೇಲೆ ನಿಂತೇ ಕೊನೆ ತೆಗೆಯುತ್ತಾನೆ, ಹೊಸಬರಿಗೆ ಕಲಿಸುತ್ತಾನೆ. ದೋಟಿಯೂ ಕತ್ತಿಗೆ, ಭುಜಕ್ಕೆ ಸುಖದ್ದೇನಲ್ಲ ಎಂದು ಗೊಣಗುತ್ತಲೂ ಇರುತ್ತಾನೆ.

ನೋವಿರುವವನು ಇಂಥ ಉದ್ಯಮ ನಡೆಸುವುದು ಹೇಗೆಂದು ಕೆಲವು ಸದಸ್ಯರು ಕಾಗದ ಬರೆದು ಕೇಳಿದ್ದಾರೆ. ನಾವು ಲೆಕ್ಕವನ್ನು ನಿಂತು ಬರೆಯುತ್ತೇವೆ; ಬಡಗಿಯಿಂದ ಎದೆಯ ಮಟ್ಟಕ್ಕೆ ಒಂದು ಮೇಜು ಮಾಡಿಸಿಕೊಂಡದ್ದು ನಮ್ಮ ಸ್ವಂತ ಖರ್ಚಿನಲ್ಲಿ. ಆಡಳಿತ ಮಂಡಳಿಯ ಸಭೆಯಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ಕಿಟಕಿಯ ಹತ್ತಿರ ಹೋಗುವುದನ್ನು ಅಗೌರವವೆಂದು ಭಾವಿಸಬಾರದೆಂದು ಅಧ್ಯಕ್ಷರಿಗೆ ಮೊದಲೇ ಹೇಳಿದ್ದೇವೆ. ಇವೆಲ್ಲ ಸಣ್ಣ ಮಾತು. ಕಷ್ಟದ್ದು ಒಳ್ಳೆಯ ದಿನಗಳ ವಿಷಯ. ನೋವಿಲ್ಲದ ದಿನ ಹುರುಪಿನಿಂದ ಮೂರು ತೋಟ ಸುತ್ತಿ, ರಾತ್ರಿ ಲೆಕ್ಕ ಮುಗಿಸಿ ಮಲಗಿದರೆ ಮುಂದಿನ ನಾಲ್ಕು ದಿನ ಅದರ ಬಡ್ಡಿ ಕಟ್ಟಬೇಕಾಗುತ್ತದೆ. ಹೀಗಾಗಿ ಒಳ್ಳೆಯ ದಿನಕ್ಕೂ ಕೆಟ್ಟ ದಿನಕ್ಕೂ ಒಂದೇ ಪಡಿ: ದಿನಕ್ಕೊಂದು ತೋಟ, ಬೆಳಗಿನ ಅರ್ಧ ಗಂಟೆಯ ನಡಿಗೆ ತಪ್ಪುವಂತಿಲ್ಲ. ಒಳ್ಳೆಯ ದಿನ ಕೈಕಟ್ಟಿ ಕೂರುವುದು ಕೆಟ್ಟ ದಿನ ನಡೆಯುವುದಕ್ಕಿಂತ ಕಷ್ಟ, ಇದನ್ನು ನೋವಿರುವವರು ಮಾತ್ರ ನಂಬುತ್ತಾರೆ.

ಇನ್ನೊಂದು ವ್ಯವಸ್ಥೆಯೂ ನಮ್ಮ ಬೆನ್ನಿನ ದೆಸೆಯಿಂದಲೇ ಹುಟ್ಟಿತು. ಕಾರ್ಯದರ್ಶಿ ಯಾವತ್ತು ಮಲಗುತ್ತಾನೋ ಹೇಳಲಾಗದು. ಆದುದರಿಂದ ಪಾಠ ಅವನನ್ನು ನೆಚ್ಚಿಕೊಂಡಿರಬಾರದು. ಫಿಸಿಯೋಥೆರಪಿಸ್ಟರು ನಾಲ್ವರನ್ನು ತರಬೇತಿ ಮಾಡಿದ್ದಾರೆ: ಮೇಲೆ ಹೇಳಿದ ಕೊನೆಗಾರ, ಸುಲಿಯುವ ಇಬ್ಬರು ಹೆಂಗಸರು, ನಿವೃತ್ತ ಶಾಲಾ ಮಾಸ್ತರರೊಬ್ಬರು. ಕಳೆದ ಸುಗ್ಗಿಯಲ್ಲಿ ನಮ್ಮ ಬೆನ್ನು ಒಂಬತ್ತು ದಿನ ಹಿಡಿದುಕೊಂಡಾಗ ಎರಡು ತರಗತಿಗಳು ನಾವಿಲ್ಲದೆ ನಡೆದವು. ಸುಲಿಯುವವರ ಮಾತನ್ನು ಸುಲಿಯುವವಳೇ ಹೇಳಿದ್ದರಿಂದ ಹೆಂಗಸರು ಹೆಚ್ಚು ಪ್ರಶ್ನೆ ಕೇಳಿದರೆಂದು ವರದಿ. ನಮಗೆ ಸ್ವಲ್ಪ ಹೊಟ್ಟೆಕಿಚ್ಚಾದದ್ದೂ ಉಂಟು.

ಪಾಠದಲ್ಲಿ ಪ್ರತಿ ಸಲವೂ ಹೇಳುವ ಒಂದು ಎಚ್ಚರಿಕೆಯನ್ನು ಇಲ್ಲಿಯೂ ಹೇಳಬೇಕು. ಓಡಾಡಿಕೊಂಡಿರಿ ಎಂಬುದು ಎಲ್ಲ ಬೆನ್ನುನೋವಿಗೂ ಅಲ್ಲ. ಮೂತ್ರ ಕಟ್ಟಿದರೆ ಅಥವಾ ತಾನಾಗಿ ಹೋದರೆ, ತೊಡೆಯ ಸಂದಿ ಮರಗಟ್ಟಿದರೆ, ಕಾಲಿನ ಬಲ ದಿನದಿಂದ ದಿನಕ್ಕೆ ಕುಂದಿದರೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಸಂಜೆಯ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿಯ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು. ಅದಕ್ಕೆ ಔಷಧಿಯಿದೆ, ತಡಮಾಡಿದರೆ ಬೆನ್ನು ಗೂನಾಗುತ್ತದೆ. ಮರದಿಂದ ಬಿದ್ದವನ ವಿಷಯವಂತೂ ಬೇರೆಯೇ. ಅವನನ್ನು ಎಬ್ಬಿಸಿ ಕೂರಿಸಬಾರದು, ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕಬಾರದು. ಬಿದ್ದಲ್ಲೇ ಅಲುಗಾಡದಂತೆ ಹೇಳಿ, 108ಕ್ಕೆ ಕರೆ ಮಾಡಿ. ಸಾಗಿಸಲೇಬೇಕಾದರೆ ನಾಲ್ಕು ಮಂದಿ ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಹಿಡಿದು ಅಗಲವಾದ ಹಲಗೆಗೆ ಹೊರಳಿಸಬೇಕು. ಪ್ರತಿ ತೋಟದ ಕಣದಲ್ಲೂ ಅಂಥ ಒಂದು ಹಲಗೆ ಇರಲಿ.

ಚೀಲದ ತೂಕ

ಒಂದೂವರೆ ವರ್ಷದ ಪಾಠದಿಂದ ಪಾಠ ಹೇಳುವವರು ಕಲಿತದ್ದೆಂದರೆ, ಬೆನ್ನಿಗೆ ಬುದ್ಧಿ ಹೇಳುವುದರ ಜೊತೆಗೆ ಚೀಲಕ್ಕೂ ಹೇಳಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಮಾಡಿದ ಶಿಫಾರಸಿನಲ್ಲಿ ಗಂಡಾಳಿಗೆ 55 ಕೆ.ಜಿ. ಮೇಲ್ಮಿತಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಈಚಿನ ಸೂತ್ರ ಹೊರಡುವುದೇ 23 ಕೆ.ಜಿ.ಯಿಂದ, ಅದೂ ಹೊರೆ ಮೈಗೆ ಹತ್ತಿರವಿದ್ದು, ಸೊಂಟದ ಮಟ್ಟದಲ್ಲಿದ್ದು, ಹಿಡಿಯಲು ಅನುಕೂಲವಿದ್ದಾಗ. ನೆಲದಿಂದ, ಜಾರುವ ಮಣ್ಣಿನಲ್ಲಿ, ತಿರುಗಿ ಎತ್ತುವಾಗ ಇನ್ನೂ ಕಡಮೆ. ನಾವಾದರೋ ಕಾಫಿಯ ಬೆಲೆಯನ್ನೇ 50 ಕೆ.ಜಿ. ಚೀಲಕ್ಕೆ ಹೇಳುತ್ತೇವೆ, ಚೀಲವನ್ನೂ ಹಾಗೆಯೇ ತುಂಬುತ್ತೇವೆ. ಬೆಲೆ 50ಕ್ಕೆ ಇರಲಿ; ಚೀಲ 25ಕ್ಕೆ ಇರಬಾರದೇ? ಯೂರಿಯಾ ಚೀಲ 2018ರಲ್ಲಿ 50ರಿಂದ 45ಕ್ಕೆ ಇಳಿಯಿತು. ಕಾರಣ ಬೇರೆ, ಆದರೆ ಗೋದಾಮು ಮುಳುಗಲಿಲ್ಲ.

ಅಡ್ಡಿಗಳಿವೆ. ಹಮಾಲರಿಗೆ ಕೂಲಿ ಚೀಲದ ಲೆಕ್ಕದಲ್ಲಿ. ಅರ್ಧ ಚೀಲಕ್ಕೆ ಅರ್ಧ ಕೂಲಿಯೆಂದರೆ ಅವರೇ ಒಪ್ಪುವುದಿಲ್ಲ, ಯಾಕೆಂದರೆ ಓಡಾಟ ಎರಡಷ್ಟಾಗುತ್ತದೆ. ಗೋಣಿಯ ಖರ್ಚು ಹೆಚ್ಚು. ವ್ಯಾಪಾರಿಗಳು ಎರಡು ಬಾರಿ ತೂಗಲು ಗೊಣಗುತ್ತಾರೆ. ಇವುಗಳಲ್ಲಿ ಹಮಾಲರ ಅಡ್ಡಿಯೇ ನ್ಯಾಯವಾದುದು. ಅದಕ್ಕೆ ಚೀಲದ ಲೆಕ್ಕ ಬಿಟ್ಟು ತೂಕದ ಲೆಕ್ಕದಲ್ಲಿ, ಸ್ವಲ್ಪ ಹೆಚ್ಚಿನ ದರ ಕೊಡಬೇಕಾದೀತು. ಮೇಸ್ತ್ರಿಯೊಡನೆ ಮಾತು ನಡೆಯುತ್ತಿದೆ.

ಆದುದರಿಂದ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಈ ಬಾಬ್ತಿನ ಕೆಳಗೆ ಎರಡು ವಿಷಯಗಳು ಬರಲಿವೆ: ಬೆನ್ನಿನ ಪಾಠಕ್ಕೆ ಇನ್ನೆರಡು ವರ್ಷ ಸಂಘದ ನೆರವು ಮುಂದುವರಿಸುವುದು, ಮುಂದಿನ ಸುಗ್ಗಿಯಿಂದ ಸಂಘದ ಗೋದಾಮಿಗೆ ಬರುವ ಕಾಫಿಯನ್ನು ಇಚ್ಛೆಯುಳ್ಳವರಿಂದ 25 ಕೆ.ಜಿ. ಚೀಲಗಳಲ್ಲಿ ಪಡೆಯುವುದು. ಲೆಕ್ಕಪತ್ರ ಕಛೇರಿಯಲ್ಲಿದೆ, ಯಾರು ಬೇಕಾದರೂ ನೋಡಬಹುದು. 25ರದೂ 50ರದೂ ಒಂದೊಂದು ತುಂಬಿದ ಚೀಲವನ್ನು ಗೋದಾಮಿನ ಬಾಗಿಲಲ್ಲಿ ಇಡಿಸಿದ್ದೇವೆ. ವಿರುದ್ಧವಾಗಿ ಮತ ಹಾಕಬೇಕೆಂದಿರುವ ಸದಸ್ಯರು ಸಭೆಗೆ ಮೊದಲು ಬಂದು ಎರಡನ್ನೂ ಒಂದೊಂದು ಸಲ ಎತ್ತಿ ನೋಡಬೇಕೆಂದು ಕೋರಿಕೆ. 50ರ ಚೀಲ ಎತ್ತುವಾಗ ಪಕ್ಕದಲ್ಲಿ ಯಾರಾದರೂ ಇರಲಿ.